ಹೆಸರು ಒಂದೇ, ಮೀನು ಬೇರೆ: ಸೀ ಬಾಸ್, ಬಟರ್‌ಫಿಶ್, ಸ್ನ್ಯಾಪರ್‌ಗಳಲ್ಲಿ ನಿಮಗೆ ಯಾವುದು ಸರಿ?

ಎರಡು ಪೊಟ್ಟಣಗಳಿವೆ. ಎರಡರ ಮೇಲೂ ಸೀ ಬಾಸ್ ಎಂದೇ ಬರೆದಿದೆ. ಒಂದರ ಬೆಲೆ ಇನ್ನೊಂದರ ಮೂರು ಪಟ್ಟು. ಪಕ್ಕದಲ್ಲೇ ಬಾಸಾ ಎಂಬ ಮೂರನೆಯದೂ ಇದೆ, ಅದು ಎಲ್ಲಕ್ಕಿಂತ ಅಗ್ಗ. ಯಾವುದನ್ನು ತೆಗೆದುಕೊಳ್ಳೋದು?

ಗೆಳೆಯರು, ನೆಂಟರು ಇಂಥ ಪ್ರಶ್ನೆಯನ್ನು ನನಗೆ ಆಗಾಗ ಕೇಳುತ್ತಾರೆ. "ಇದರಲ್ಲಿ ಯಾವುದು ಒಳ್ಳೇದು?" ಅಂತ. ನಾನು ತಿರುಗಿ ಕೇಳುವುದು ಒಂದೇ: ಅದು ಯಾವ ಮೀನು? ಯಾಕೆಂದರೆ ಇವು ಒಂದೇ ಮೀನಿನ ಮೂರು ದರ್ಜೆಗಳಲ್ಲ. ದುಬಾರಿಯದು ಅಂಟಾರ್ಕ್ಟಿಕದ ಸುತ್ತಮುತ್ತಲಿನ ಕೊರೆಯುವ ನೀರಿನ ಆಳದ್ದು ಇರಬಹುದು. ನಡುವಿನದು ಮೆಡಿಟರೇನಿಯನ್ ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಸಾಕಿದ್ದಿರಬಹುದು. ಬಾಸಾ ಅಂತೂ ಆಗ್ನೇಯ ಏಷ್ಯಾದ ನದಿಗಳ ಮೀಸೆ ಮೀನು. ರುಚಿ ಬೇರೆ, ಕೊಬ್ಬು ಬೇರೆ, ಬೇಯಿಸುವ ಬಗೆಯೂ ಬೇರೆ.

ಈ ಗೊಂದಲಕ್ಕೆ ಕಾರಣ ಸುಲಭವಾಗಿದೆ. ಬೇರೆ ಬೇರೆ ತೀರದ ಜನ ತಮ್ಮ ಕಣ್ಣಿಗೆ ಕಂಡ ಹಾಗೆ ಮೀನಿಗೆ ಹೆಸರಿಟ್ಟರು. ಹೊಸ ದೇಶಕ್ಕೆ ಹೋದವರು ಅಲ್ಲಿನ ಮೀನಿನಲ್ಲಿ ತಮ್ಮೂರಿನ ಮೀನಿನ ಹೋಲಿಕೆ ಕಂಡು ಹಳೆಯ ಹೆಸರನ್ನೇ ಅಂಟಿಸಿದರು. ಆಮೇಲೆ ವ್ಯಾಪಾರಿಗಳು ಬಂದರು, ಮಾರಾಟವಾಗದ ಹೆಸರನ್ನು ತೆಗೆದು ಕೇಳಲು ಚೆಂದವಿರುವ ಹೆಸರು ಕೊಟ್ಟರು. ಫಿಶ್‌ಬೇಸ್ ಎಂಬ ಮೀನುಗಳ ಮಾಹಿತಿಕೋಶದಲ್ಲಿ 35,000ಕ್ಕೂ ಹೆಚ್ಚು ಜಾತಿಗಳಿವೆ, ಅವಕ್ಕೆ ಬೇರೆ ಬೇರೆ ಭಾಷೆಗಳ 3 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಅಷ್ಟು ಹೆಸರುಗಳಲ್ಲಿ ಕೆಲವು ಒಂದರ ಮೇಲೊಂದು ಬೀಳುವುದು ಸಹಜ ಅಲ್ವಾ?

ಮೊದಲು ನೋಡಬೇಕಾದದ್ದು

ಮೀನಿನ ಎರಡನೆಯ ಹೆಸರು, ಅಂದರೆ ವೈಜ್ಞಾನಿಕ ಹೆಸರು. ಇದು ಪಂಡಿತರ ವಿಷಯ ಅಂತ ಬಿಟ್ಟುಬಿಡಬೇಡಿ. ಜಗತ್ತಿನ ಎಲ್ಲೇ ಹೋದರೂ ಬದಲಾಗದ ಹೆಸರು ಅದೊಂದೇ. ಐರೋಪ್ಯ ಒಕ್ಕೂಟದ 2013ರ ನಿಯಮದ ಪ್ರಕಾರ ಅಲ್ಲಿ ಮಾರುವ ಹಸಿ ಮತ್ತು ಶೀತಲೀಕರಿಸಿದ ಮೀನಿನ ಜೊತೆ ವ್ಯಾಪಾರದ ಹೆಸರು, ವೈಜ್ಞಾನಿಕ ಹೆಸರು, ಎಲ್ಲಿ ಹಿಡಿದದ್ದು, ಸಾಕಿದ್ದೋ ಹಿಡಿದದ್ದೋ ಎಂಬ ವಿವರ ಇರಲೇಬೇಕು. ಬೇರೆ ಕಡೆಯೂ ರಫ್ತಾಗುವ ಪೊಟ್ಟಣಗಳ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇದು ಎಷ್ಟೋ ಸಲ ಇರುತ್ತದೆ.

ಎರಡನೆಯದು ಕೊಬ್ಬು. ನನ್ನ ಮಟ್ಟಿಗೆ ಅಡುಗೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಅಳತೆಗೋಲಿಲ್ಲ. 100 ಗ್ರಾಂ ಕಾಡ್ ಮೀನಿನಲ್ಲಿ ಒಂದು ಗ್ರಾಂ ಕೊಬ್ಬೂ ಇರುವುದಿಲ್ಲ. ಬ್ಲ್ಯಾಕ್ ಕಾಡ್ ಎಂದು ಮಾರುವ ಮೀನಿನಲ್ಲಿ ಸುಮಾರು 15 ಗ್ರಾಂ ಇರುತ್ತದೆ. ಎರಡರ ಹೆಸರಿನಲ್ಲೂ ಕಾಡ್ ಇದೆ. ಆದರೆ ಒಂದು ಸ್ವಲ್ಪ ಹೆಚ್ಚು ಹೊತ್ತು ಒಲೆಯ ಮೇಲಿದ್ದರೂ ನಾರಿನ ಹಾಗೆ ಒಣಗುತ್ತದೆ. ಇನ್ನೊಂದು ಅಷ್ಟು ಬೇಗ ಕೆಡುವುದಿಲ್ಲ.

ಮೂರನೆಯದು ಸುರಕ್ಷತೆ. ದೊಡ್ಡ ಮೀನು, ಬಹಳ ವರ್ಷ ಬದುಕುವ ಮೀನು, ಬೇರೆ ಮೀನನ್ನು ತಿಂದು ಬೆಳೆಯುವ ಮೀನು: ಇವುಗಳ ಮೈಯಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ. ಬೆಲೆ, ಮುಳ್ಳು, ಸಾಕಿದ್ದೋ ಹಿಡಿದದ್ದೋ ಎಂಬುದನ್ನು ಇವು ಮೂರರ ನಂತರ ನೋಡಿದರೆ ಸಾಕು.

ಸೀ ಬಾಸ್: ಹೆಸರಿನ ಸಂತೆ

ಚಿಲಿಯನ್ ಸೀ ಬಾಸ್‌ನಿಂದ ಶುರು ಮಾಡೋಣ. ಇದರ ನಿಜವಾದ ಹೆಸರು ಪ್ಯಾಟಗೋನಿಯನ್ ಟೂತ್‌ಫಿಶ್, ಡಿಸ್ಸೊಸ್ಟಿಕಸ್ ಎಲೆಜಿನಾಯ್ಡಿಸ್. ಬಾಸ್ ಕುಟುಂಬಕ್ಕೂ ಇದಕ್ಕೂ ಸಂಬಂಧವಿಲ್ಲ. 1977ರಲ್ಲಿ ಲೀ ಲ್ಯಾಂಟ್ಸ್ ಎಂಬ ಅಮೆರಿಕದ ಮೀನು ಆಮದುದಾರ ಈ ಹೊಸ ಹೆಸರಿಟ್ಟರು. ಹಲ್ಲಿನ ಮೀನು ಅಂದರೆ ಕೊಳ್ಳುವವರು ಹಿಂಜರಿಯುತ್ತಿದ್ದರು. 1994ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಆ ಹೆಸರನ್ನು ಒಪ್ಪಿತು. ಮೀನು ಜನಪ್ರಿಯವಾಯಿತು, ಜೊತೆಗೆ ಕಳ್ಳಬೇಟೆಯೂ ಹೆಚ್ಚಿತು. ಇದು ನಿಧಾನವಾಗಿ ಬೆಳೆಯುವ ಮೀನು, ಎರಡು ಮೀಟರ್ ಉದ್ದ ಮೀರುತ್ತದೆ, 50 ವರ್ಷದವರೆಗೂ ಬದುಕಬಲ್ಲದು. ಹಾಗಾಗಿ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲಾರದು.

ತಿನ್ನಲು ಮಾತ್ರ ಅದ್ಭುತ. ಬೆಳ್ಳನೆಯ ದೊಡ್ಡ ಪದರಗಳು, ತುಂಬ ಕೊಬ್ಬು, ತೇವ ಆರುವುದೇ ಇಲ್ಲ. ದುಬಾರಿ, ಮತ್ತು ಎಫ್‌ಡಿಎ ಲೆಕ್ಕದಲ್ಲಿ ಇದರ ಸರಾಸರಿ ಪಾದರಸ ದಶಲಕ್ಷಕ್ಕೆ 0.354 ಭಾಗ. ವಾರಕ್ಕೆ ಎರಡು ಮೂರು ಸಲ ತಿನ್ನುವ ಮೀನಲ್ಲ. ವಿಶೇಷ ದಿನಕ್ಕೆ ಬೇಕು ಅನ್ನುವವರು ಕಾನೂನುಬದ್ಧವಾಗಿ ಹಿಡಿದದ್ದೇ ಎಂಬ ಪ್ರಮಾಣಪತ್ರ ಇರುವುದನ್ನೇ ಆರಿಸಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಹಾಗೆ ಖಾತ್ರಿಯಾಗದಿದ್ದರೆ ಬ್ಲ್ಯಾಕ್ ಕಾಡ್ ತೆಗೆದುಕೊಳ್ಳಿ, ಅದೇ ಸೇಬಲ್‌ಫಿಶ್, ಅನೊಪ್ಲೊಪೊಮಾ ಫಿಂಬ್ರಿಯಾ. ಬಾಯಲ್ಲಿ ಬೆಣ್ಣೆಯ ಹಾಗೆ ಕರಗುವ ಅದೇ ಗುಣ ಇದರಲ್ಲೂ ಇದೆ.

ಯೂರೋಪಿನ ಸೀ ಬಾಸ್ ಬೇರೆಯೇ. ಡೈಸೆಂಟ್ರಾರ್ಕಸ್ ಲಾಬ್ರಾಕ್ಸ್. ಬ್ರಾಂಜಿನೊ ಎಂದರೂ ಇದೇ, ಫ್ರೆಂಚರ ಲೂ ದ ಮೇರ್ ಎಂದರೂ ಸಾಮಾನ್ಯವಾಗಿ ಇದೇ. ಗ್ರೀಸ್, ಟರ್ಕಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಸಾಕುತ್ತಾರೆ. ಒಬ್ಬರ ತಟ್ಟೆಗೆ ಸರಿಹೋಗುವ ಗಾತ್ರದಲ್ಲಿ ಸಿಗುತ್ತದೆ. ಇಡೀ ಮೀನನ್ನು ಹಬೆಯಲ್ಲಿ ಬೇಯಿಸುವವರಿಗೆ, ಕೆಂಡದ ಮೇಲೆ ಸುಡುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಮಾಂಸ ಸೂಕ್ಷ್ಮ, ಮುಳ್ಳು ಬಿಡಿಸುವುದು ಕಷ್ಟವಲ್ಲ.

ಏಷ್ಯನ್ ಸೀ ಬಾಸ್ ಅಂದರೆ ಬಾರಮಂಡಿ, ಲೇಟಿಸ್ ಕ್ಯಾಲ್ಕರಿಫರ್. ಸಿಹಿನೀರು, ಉಪ್ಪುನೀರು ಎರಡರಲ್ಲೂ ಬದುಕುತ್ತದೆ. ಗಂಡಾಗಿ ಬೆಳೆದು, ವಯಸ್ಸಾದ ಮೇಲೆ ಹೆಣ್ಣಾಗುತ್ತದೆ. ನನಗೆ ಈ ಮೀನಿನ ಮೇಲೆ ವಿಶೇಷ ಪ್ರೀತಿ. ಗಟ್ಟಿ ಮಾಂಸ, ಹಿತವಾದ ರುಚಿ, ಸಾರಿಗೂ ಆಗುತ್ತದೆ, ಹುರಿಯಲೂ ಆಗುತ್ತದೆ. ಬೆಲೆಯಲ್ಲೂ ಸಾಮಾನ್ಯವಾಗಿ ಟೂತ್‌ಫಿಶ್‌ಗಿಂತ ಎಷ್ಟೋ ಕೆಳಗೆ. ಆದರೆ ಕೊಬ್ಬು ಕಡಿಮೆ. ಟೂತ್‌ಫಿಶ್‌ಗೆಂದು ಬರೆದ ಅಡುಗೆ ವಿಧಾನವನ್ನು ಇದಕ್ಕೆ ಹಾಗೇ ಬಳಸಿದರೆ ಒಣಗಿಹೋಗುತ್ತದೆ.

ಇನ್ನೂ ಎರಡಿವೆ. ಅಮೆರಿಕದ ಅಟ್ಲಾಂಟಿಕ್ ತೀರದ ಬ್ಲ್ಯಾಕ್ ಸೀ ಬಾಸ್, ಇಡಿಯಾಗಿ ಬೇಯಿಸಲು ಚೆನ್ನ. ಪೆಸಿಫಿಕ್ ತೀರದ ವೈಟ್ ಸೀ ಬಾಸ್, ಅದು ನಿಜಕ್ಕೂ ಬಾಸ್ ಅಲ್ಲ, ಕ್ರೋಕರ್ ಕುಟುಂಬದ್ದು.

ಬಾಸಾ ವಿಷಯ. ಕನ್ನಡದಲ್ಲಿ ಬರೆದಾಗ ಬಾಸ್‌ಗೂ ಬಾಸಾಗೂ ಒಂದು ದೀರ್ಘದ ವ್ಯತ್ಯಾಸ ಅಷ್ಟೇ, ಹಾಗಾಗಿ ನಮ್ಮಲ್ಲಿ ಎಡವುವುದು ಇನ್ನೂ ಸುಲಭ. ಬಾಸಾ ಎಂಬ ಹೆಸರಿನಲ್ಲೂ ಎರಡು ಮೀನಿವೆ: ಪ್ಯಾಂಗೇಸಿಯಸ್ ಬೊಕೋರ್ಟಿ ಮತ್ತು ಅದರ ಸೋದರ ಸಂಬಂಧಿ ಪ್ಯಾಂಗೇಸಿಯಾನೊಡಾನ್ ಹೈಪೊಫ್ತಾಲ್ಮಸ್. ವಿಯೆಟ್ನಾಂನಿಂದ ಬರುವುದು ಬಹುಪಾಲು ಎರಡನೆಯದೇ. ಇದನ್ನು ಕೆಟ್ಟ ಮೀನು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮುಳ್ಳಿಲ್ಲದ ತುಂಡು, ವಾಸನೆ ಕಡಿಮೆ, ಪಾದರಸ ಬಹಳ ಕಡಿಮೆ, ಬೆಲೆ ಕೈಗೆಟುಕುವಂಥದ್ದು. ಮೀನು ತಿನ್ನಲು ಹಟ ಮಾಡುವ ಮಕ್ಕಳಿಗೆ ಒಳ್ಳೆಯ ಆರಂಭ. ಆದರೆ ಒಮೆಗಾ 3 ಎಂಬ ಒಳ್ಳೆಯ ಕೊಬ್ಬು ಬೇಕೆಂದು ತಿನ್ನುವವರಿಗೆ ಇದರಿಂದ ಹೆಚ್ಚೇನೂ ಸಿಗುವುದಿಲ್ಲ. ಸೀ ಬಾಸ್ ಬೆಲೆಗೆ ಇದನ್ನು ಕೊಂಡರೆ ಮೋಸ ಹೋದ ಹಾಗೆಯೇ.

ಬಟರ್‌ಫಿಶ್: ಇಲ್ಲಿ ಹುಷಾರಾಗಿರಿ

ಬೇರೆ ಹೆಸರುಗಳಲ್ಲಿ ಎಡವಿದರೆ ದುಡ್ಡು ಹೋಗುತ್ತದೆ, ರುಚಿ ಕೆಡುತ್ತದೆ. ಇಲ್ಲಿ ಎಡವಿದರೆ ಹೊಟ್ಟೆ ಕೆಡುತ್ತದೆ.

ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ ಬಟರ್‌ಫಿಶ್ ಅಂದರೆ ಪೆಪ್ರಿಲಸ್ ಟ್ರಯಾಕ್ಯಾಂಥಸ್, ಅಂಗೈಯಗಲದ ಚಪ್ಪಟೆ ಮೀನು. ಪಾಂಫ್ರೆಟ್ ಕುಟುಂಬದ್ದೇ. ಹವಾಯಿಯಲ್ಲಿ ಬಟರ್‌ಫಿಶ್ ಅಂದರೆ ಆಗಲೇ ಹೇಳಿದ ಸೇಬಲ್‌ಫಿಶ್. ಇವೆರಡನ್ನೂ ಧೈರ್ಯವಾಗಿ ತಿನ್ನಬಹುದು. ಮೂರನೆಯದು ಎಸ್ಕೊಲಾರ್, ಲೆಪಿಡೊಸೈಬಿಯಂ ಫ್ಲಾವೊಬ್ರುನಿಯಂ. ಇದರ ಜೊತೆಗಾರ ಆಯಿಲ್‌ಫಿಶ್, ರುವೆಟ್ಟಸ್ ಪ್ರೆಟಿಯೋಸಸ್. ಇವುಗಳ ಮಾಂಸದಲ್ಲಿ ತುಂಬಿರುವುದು ಸಾಮಾನ್ಯ ಕೊಬ್ಬಲ್ಲ, ಮೇಣದಂಥ ಎಣ್ಣೆ. ನಮ್ಮ ಕರುಳು ಅದನ್ನು ಜೀರ್ಣಿಸಿಕೊಳ್ಳಲಾರದು. ಅದು ಹಾಗೇ ಕೆಳಗಿಳಿದು, ತಡೆಯಲಾಗದಂತೆ ಎಣ್ಣೆಯಾಗಿಯೇ ಹೊರಬರುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಜಪಾನ್ 1977ರಿಂದ ಎಸ್ಕೊಲಾರ್ ಮಾರಾಟವನ್ನು ನಿಷೇಧಿಸಿದೆ. ಐರೋಪ್ಯ ಒಕ್ಕೂಟದಲ್ಲಿ ಇದನ್ನು ಮಾರುವುದಾದರೆ ಪೊಟ್ಟಣದಲ್ಲೇ ಮಾರಬೇಕು, ಎಚ್ಚರಿಕೆ ಬರೆದಿರಬೇಕು, ವೈಜ್ಞಾನಿಕ ಹೆಸರೂ ಇರಬೇಕು.

ಒಮ್ಮೆ ನಮ್ಮ ಮನೆಯಲ್ಲೇ ಹೀಗಾಯಿತು. ಬಟರ್‌ಫಿಶ್ ಎಂದು ನಂಬಿ ತಂದದ್ದನ್ನು ಎಲ್ಲರೂ ಚಪ್ಪರಿಸಿ ತಿಂದರು. ಅಷ್ಟು ರುಚಿ! ರಾತ್ರಿಯಿಡೀ ನರಳಿದವರು ಚಿಕ್ಕಪ್ಪ, ಅವರೇ ಎಲ್ಲರಿಗಿಂತ ಹಿರಿಯರು. ಮಾರನೆಯ ದಿನ ಡಬ್ಬದ ತಳ ತಿರುಗಿಸಿ ನೋಡಿದಾಗ ಲೆಪಿಡೊಸೈಬಿಯಂ ಎಂದು ಸಣ್ಣಗೆ ಅಚ್ಚಾಗಿತ್ತು. ಅವತ್ತಿನಿಂದ ವೈಜ್ಞಾನಿಕ ಹೆಸರು ಓದದೆ ನಾನು ಬಟರ್‌ಫಿಶ್ ಮನೆಗೆ ತಂದಿಲ್ಲ. ನೀವೂ ಹಾಗೇ ಮಾಡಿ. ಹೆಸರು ತಿಳಿಯದಿದ್ದರೆ ಗಾತ್ರ ನೋಡಿ: ನಿಜವಾದ ಸಣ್ಣ ಬಟರ್‌ಫಿಶ್ ಸಾಮಾನ್ಯವಾಗಿ ಇಡಿಯಾಗಿಯೇ ಸಿಗುತ್ತದೆ. ಹಾಲಿನಂಥ ದಪ್ಪ ಬಿಳಿ ತುಂಡು ಇದ್ದು, ಅದು ಯಾವ ಮೀನೆಂದು ಯಾರೂ ಹೇಳಲಾರರು ಅಂದರೆ ಬಿಟ್ಟುಬಿಡಿ.

ಇದೇ ಎಸ್ಕೊಲಾರ್ ವೈಟ್ ಟ್ಯೂನ ಎಂಬ ಹೆಸರಿನಲ್ಲೂ ಬರುತ್ತದೆ. ಓಷಿಯಾನಾ ಎಂಬ ಸಂಸ್ಥೆ 2010ರಿಂದ 2012ರವರೆಗೆ ಅಮೆರಿಕದಲ್ಲಿ 1,215 ಮೀನಿನ ಮಾದರಿಗಳ ಡಿಎನ್‌ಎ ಪರೀಕ್ಷೆ ಮಾಡಿಸಿತು. ವೈಟ್ ಟ್ಯೂನ ಎಂದು ಮಾರಿದ ಮಾದರಿಗಳಲ್ಲಿ ಶೇ. 84ರಷ್ಟು ಎಸ್ಕೊಲಾರ್ ಆಗಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಡಬ್ಬಿಯಲ್ಲಿ ಬರುವ ವೈಟ್ ಟ್ಯೂನ ಮಾತ್ರ ಬೇರೆ ಕಥೆ. ಅಮೆರಿಕದ ನಿಯಮದಂತೆ ಅದು ಆಲ್ಬಕೋರ್ ಎಂಬ ಟ್ಯೂನವೇ ಆಗಿರಬೇಕು.

ಡಬ್ಬಿ ಟ್ಯೂನದಲ್ಲೇ ಆರಿಸುವುದಾದರೆ ಲೆಕ್ಕ ಸುಲಭ. ಲೈಟ್ ಎಂದು ಬರೆದದ್ದು ಹೆಚ್ಚಾಗಿ ಸ್ಕಿಪ್‌ಜ್ಯಾಕ್ ಎಂಬ ಸಣ್ಣ ಟ್ಯೂನ, ಪಾದರಸ ಸರಾಸರಿ ದಶಲಕ್ಷಕ್ಕೆ 0.126 ಭಾಗ. ಆಲ್ಬಕೋರ್‌ನಲ್ಲಿ 0.350. ಆಲ್ಬಕೋರ್ ರುಚಿಯಲ್ಲಿ ಸೌಮ್ಯ, ಆದರೆ ದಿನಬಳಕೆಗೆ ಸ್ಕಿಪ್‌ಜ್ಯಾಕ್ ಸಾಕು, ಅಗ್ಗವೂ ಹೌದು. ಚಿಲಿ ದೇಶದಲ್ಲಿ ಆಲ್ಬಕೋರಾ ಅಂದರೆ ಟ್ಯೂನವೇ ಅಲ್ಲ, ಕತ್ತಿಮೀನು. ಅದರ ಪಾದರಸ ದಶಲಕ್ಷಕ್ಕೆ 1 ಭಾಗದ ಹತ್ತಿರ.

ಸ್ನ್ಯಾಪರ್: ಯಾವ ತೀರದ್ದು?

ಅಮೆರಿಕದಲ್ಲಿ ರೆಡ್ ಸ್ನ್ಯಾಪರ್ ಎಂಬ ಹೆಸರಿಗೆ ಒಂದೇ ಮೀನು ಅರ್ಹ: ಲುಟ್ಜಾನಸ್ ಕ್ಯಾಂಪಿಚಾನಸ್. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸ್ನ್ಯಾಪರ್ ಅಂದರೆ ಸೀ ಬ್ರೀಮ್ ಕುಟುಂಬದ ಕ್ರೈಸೊಫ್ರಿಸ್ ಔರಾಟಸ್. ಅಮೆರಿಕದ ಪೆಸಿಫಿಕ್ ತೀರದಲ್ಲಿ ಪೆಸಿಫಿಕ್ ರೆಡ್ ಸ್ನ್ಯಾಪರ್ ಎಂದು ಮಾರಿದ್ದು ರಾಕ್‌ಫಿಶ್, ಸೆಬಾಸ್ಟಿಸ್ ಬಳಗದ್ದು. ಇದರ ಮೇಲೆ ಬೇಕೆಂದೇ ಮಾಡುವ ಅದಲುಬದಲು ಬೇರೆ. ಓಷಿಯಾನಾ ಪರೀಕ್ಷೆಯಲ್ಲಿ ಸ್ನ್ಯಾಪರ್ ಎಂದು ಮಾರಿದ ಮಾದರಿಗಳಲ್ಲಿ ಶೇ. 87ಕ್ಕೆ ತಪ್ಪು ಹೆಸರಿತ್ತು.

ಮೂರರಲ್ಲಿ ಯಾವುದು? ಗಟ್ಟಿಯಾದ, ಸ್ವಲ್ಪ ಸಿಹಿಯಾದ ಮಾಂಸ, ಸಾರಿನಲ್ಲಿ ಒಡೆಯಬಾರದು ಅನ್ನುವವರಿಗೆ ನಿಜವಾದ ರೆಡ್ ಸ್ನ್ಯಾಪರ್ ತಕ್ಕುದು. ಬೆಲೆ ಕೊಡುವುದಾದರೆ ಚರ್ಮ ಇರುವ ತುಂಡನ್ನೇ ಕೇಳಿ. ಚರ್ಮ ಸುಲಿದ ಮೇಲೆ ತಿಲಾಪಿಯಾ ಎಂಬ ಅಗ್ಗದ ಮೀನಿನ ತುಂಡಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಅನುಭವಿಗಳಿಗೂ ಕಷ್ಟ. ನ್ಯೂಜಿಲೆಂಡ್ ಸ್ನ್ಯಾಪರ್ ಇನ್ನಷ್ಟು ನಯ, ಇಡಿಯಾಗಿ ಬೇಯಿಸಲು ಚೆನ್ನ. ರಾಕ್‌ಫಿಶ್ ಸಾಮಾನ್ಯವಾಗಿ ಅಗ್ಗ, ಮಾಂಸ ಮೆತ್ತಗೆ. ಹಿಟ್ಟಿನಲ್ಲಿ ಅದ್ದಿ ಕರಿಯುವವರಿಗೆ ಅದೇ ಸಾಕು, ಸುಮ್ನೆ ಜಾಸ್ತಿ ದುಡ್ಡು ಯಾಕೆ?

ಒಂದು ಎಚ್ಚರಿಕೆ. ಹವಳದ ದಿಬ್ಬಗಳ ಸುತ್ತ ಹಿಡಿದ ದೊಡ್ಡ ಸ್ನ್ಯಾಪರ್‌ಗಳಲ್ಲಿ ಸಿಗ್ವಾಟೆರಾ ವಿಷ ಇರಬಹುದು. ಅದು ಸೂಕ್ಷ್ಮ ಪಾಚಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡದಕ್ಕೆ ಸೇರುತ್ತ ಹೋಗುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ದಿಬ್ಬದ ಮೀನಾದರೆ ಸಣ್ಣದನ್ನೇ ಆರಿಸಿ. ತಲೆ, ಯಕೃತ್ತು, ಮೊಟ್ಟೆ ಬಿಟ್ಟುಬಿಡಿ.

ಇಲ್ಲಿ ಪೊಟ್ಟಣದ ಮೇಲಿನ ಎಫ್‌ಎಒ ಸಂಖ್ಯೆ ಬಹಳ ಉಪಯೋಗಕ್ಕೆ ಬರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಮುದ್ರಗಳಿಗೆ ಕೊಟ್ಟ ವಲಯ ಸಂಖ್ಯೆ ಅದು. ಕ್ಯಾಂಪಿಚಾನಸ್ ಸಿಗುವುದು ಪಶ್ಚಿಮ ಅಟ್ಲಾಂಟಿಕ್‌ನಲ್ಲಿ, ಮುಖ್ಯವಾಗಿ ವಲಯ 31ರಲ್ಲಿ. ರೆಡ್ ಸ್ನ್ಯಾಪರ್ ಎಂದು ಬರೆದು ಕೆಳಗೆ 71 ಎಂದಿದ್ದರೆ ಅದು ಪಶ್ಚಿಮ ಪೆಸಿಫಿಕ್‌ನ ಬೇರೆ ಸ್ನ್ಯಾಪರ್. ತಿನ್ನಲು ಚೆನ್ನಾಗಿಯೇ ಇರಬಹುದು, ಆದರೆ ಕ್ಯಾಂಪಿಚಾನಸ್ ಬೆಲೆ ಕೊಡಬೇಕಿಲ್ಲ.

ಮ್ಯಾಕರೆಲ್, ಸಾಲ್ಮನ್, ಸಾರ್ಡೀನ್

ಮ್ಯಾಕರೆಲ್ ವಿಷಯದಲ್ಲಿ ಕನ್ನಡವೇ ಒಳ್ಳೆಯ ದಾರಿ ತೋರಿಸುತ್ತದೆ. ಬಂಗುಡೆ ಬೇರೆ, ಅಂಜಲ್ ಬೇರೆ ಎಂದು ನಾವು ಎರಡು ಹೆಸರಿಟ್ಟಿದ್ದೇವೆ. ಇಂಗ್ಲಿಷಿನಲ್ಲಿ ಎರಡೂ ಮ್ಯಾಕರೆಲ್. ಬಂಗುಡೆ ರಾಸ್ಟ್ರೆಲಿಗರ್ ಬಳಗದ ಸಣ್ಣ ಮೀನು, ಅಂಜಲ್ ಸ್ಕಾಂಬೆರೊಮೊರಸ್ ಬಳಗದ ದೊಡ್ಡ ಬೇಟೆಗಾರ ಮೀನು. ಅಟ್ಲಾಂಟಿಕ್‌ನಲ್ಲೂ ಇದೇ ಭೇದ ಇದೆ. ಎಫ್‌ಡಿಎ ಪ್ರಕಾರ ಅಟ್ಲಾಂಟಿಕ್ ಮ್ಯಾಕರೆಲ್‌ನ ಸರಾಸರಿ ಪಾದರಸ 0.050, ಕಿಂಗ್ ಮ್ಯಾಕರೆಲ್‌ನದು 0.730. ಹದಿನಾಲ್ಕು ಪಟ್ಟಿಗಿಂತ ಜಾಸ್ತಿ! ಬಸುರಿಯರು ಮೊದಲನೆಯದನ್ನು ತಿನ್ನಬಹುದು, ಎರಡನೆಯದನ್ನು ಮುಟ್ಟಬಾರದು ಎನ್ನುತ್ತದೆ ಆ ಸಂಸ್ಥೆ. ಹಾಗಾಗಿ ಯಾರಾದರೂ "ಮ್ಯಾಕರೆಲ್ ತಿಂದರೆ ಒಳ್ಳೇದು" ಅಂದರೆ ಯಾವ ಮ್ಯಾಕರೆಲ್ ಎಂದು ಕೇಳಲೇಬೇಕು. ಹಾರ್ಸ್ ಮ್ಯಾಕರೆಲ್ ಇವರಿಬ್ಬರ ಕುಟುಂಬಕ್ಕೇ ಸೇರಿದ್ದಲ್ಲ, ಆದರೂ ಒಳ್ಳೆಯ ಮೀನು. ಯಾವುದೇ ಇರಲಿ, ಹಿಡಿದ ಕ್ಷಣದಿಂದ ತಣ್ಣಗೆ ಇಟ್ಟದ್ದೇ ಬೇಕು. ಮ್ಯಾಕರೆಲ್, ಟ್ಯೂನಗಳು ಬಿಸಿಗೆ ಬಿದ್ದರೆ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಹುಟ್ಟುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ.

ಸಾಲ್ಮನ್‌ನಲ್ಲಿ ಅಟ್ಲಾಂಟಿಕ್ ಅಂದರೆ ಈಗ ಬಹುತೇಕ ಸಾಕಿದ್ದು, ಕೊಬ್ಬು ಜಾಸ್ತಿ, ವರ್ಷವಿಡೀ ಸಿಗುತ್ತದೆ. ಅಲಾಸ್ಕದಲ್ಲಿ 1990ರಿಂದ ಮೀನು ಸಾಕಣೆಗೆ ನಿಷೇಧವಿದೆ. ಹಾಗಾಗಿ ಅಲಾಸ್ಕ ಸಾಲ್ಮನ್ ನಿಜವೇ ಆಗಿದ್ದರೆ ಅದು ಸಾಕಿದ್ದಲ್ಲ, ಸಮುದ್ರದಲ್ಲಿ ಹಿಡಿದದ್ದು. ಅದರಲ್ಲಿ ಕಿಂಗ್ ಅತಿ ಕೊಬ್ಬಿನದು ಮತ್ತು ದುಬಾರಿ, ಸಾಕ್‌ಐ ಕಡುಗೆಂಪು ಮತ್ತು ಗಾಢ ರುಚಿಯದು, ಪಿಂಕ್ ಎಲ್ಲಕ್ಕಿಂತ ಅಗ್ಗ. ಡಬ್ಬಿಯ ಪಿಂಕ್ ಸಾಲ್ಮನ್ ಕಡಿಮೆ ಖರ್ಚಿನಲ್ಲಿ ಒಮೆಗಾ 3 ಪಡೆಯಲು ನನ್ನ ಮೆಚ್ಚಿನ ದಾರಿ. ಇಂಡಿಯನ್ ಸಾಲ್ಮನ್ ಅನ್ನುವುದು ಸಾಲ್ಮನ್ ಅಲ್ಲ, ಥ್ರೆಡ್‌ಫಿನ್. ಆಸ್ಟ್ರೇಲಿಯನ್ ಸಾಲ್ಮನ್ನೂ ಅಲ್ಲ. ಬ್ರಿಟನ್ನಿನ ರಾಕ್ ಸಾಲ್ಮನ್ ಅಂತೂ ಸಣ್ಣ ಶಾರ್ಕ್.

ಸಾರ್ಡೀನ್ ಹೆಸರಿಗಾಗಿ ದೇಶಗಳೇ ಜಗಳಾಡಿವೆ. ಯೂರೋಪಿನ ನಿಯಮ ಸಾರ್ಡಿನಾ ಪಿಲ್ಚಾರ್ಡಸ್ ಒಂದಕ್ಕೇ ಆ ಹೆಸರು ಎಂದಿತ್ತು. ಪೆರು ದೇಶ ತನ್ನ ಸಾರ್ಡಿನಾಪ್ಸ್ ಸಗಾಕ್ಸ್‌ಗೂ ಹೆಸರು ಬೇಕೆಂದು ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು, 2002ರಲ್ಲಿ ಗೆದ್ದಿತು. ಕೊಳ್ಳುವವರಿಗೆ ಇಲ್ಲಿ ಚಿಂತೆ ಬೇಡ. ಎರಡೂ ಸಣ್ಣ ಎಣ್ಣೆ ಮೀನು, ಎರಡರಲ್ಲೂ ಪಾದರಸ ತೀರಾ ಕಡಿಮೆ. ಬೆಲೆ ಕಡಿಮೆ ಇರುವುದನ್ನು ತೆಗೆದುಕೊಳ್ಳಿ.

ನಿಮ್ಮ ಮನೆಗೆ ಯಾವುದು?

ಬಸುರಿಯರು, ಎಳೆಯ ಮಕ್ಕಳು ಇರುವ ಮನೆಗೆ ಸಾರ್ಡೀನ್, ಸಣ್ಣ ಮ್ಯಾಕರೆಲ್, ನಿಜವಾದ ಸಾಲ್ಮನ್. ಮಗು ಮುಳ್ಳಿಗೆ ಹೆದರುತ್ತದೆ ಎಂದರೆ ಮೊದಲು ಬಾಸಾ, ರೂಢಿಯಾದ ಮೇಲೆ ಬಾರಮಂಡಿ. ಕಿಂಗ್ ಮ್ಯಾಕರೆಲ್, ಕತ್ತಿಮೀನು, ಶಾರ್ಕ್, ಬಿಗ್‌ಐ ಟ್ಯೂನ ಬೇಡವೇ ಬೇಡ. ಇಲ್ಲಿ ಹೆಸರಿನ ಸಂಶಯ ಸ್ವಲ್ಪ ಇದ್ದರೂ ಬೇರೆ ಮೀನಿಗೆ ಹೋಗಿ.

ನೆಂಟರು ಬರುತ್ತಾರೆ, ಖರ್ಚಿಗೆ ಹಿಂಜರಿಕೆಯಿಲ್ಲ ಎಂದರೆ ಸೇಬಲ್‌ಫಿಶ್ ಅಥವಾ ಪ್ರಮಾಣಪತ್ರವಿರುವ ಟೂತ್‌ಫಿಶ್. ಅಷ್ಟು ಖರ್ಚು ಬೇಡ, ಆದರೆ ತಟ್ಟೆಯಲ್ಲಿ ಇಡೀ ಮೀನು ಚೆಂದ ಕಾಣಬೇಕು ಎಂದರೆ ಯೂರೋಪಿನ ಸೀ ಬಾಸ್. ವಾರದ ಅಡುಗೆಗೆ, ಸಾರಿಗೂ ಹುರಿಯಲಿಕ್ಕೂ ಒಂದೇ ಮೀನು ಸಾಕು ಎಂದರೆ ನಾನಂತೂ ಬಾರಮಂಡಿಯನ್ನೇ ತರುತ್ತೇನೆ.

ವೈಜ್ಞಾನಿಕ ಹೆಸರು ಎಲ್ಲೂ ಇಲ್ಲ, ಮಾರುವವರಿಗೂ ಗೊತ್ತಿಲ್ಲ ಎಂಬ ಸಂದರ್ಭ ಬಂದೇ ಬರುತ್ತದೆ. ಆಗ ತಲೆ, ಚರ್ಮ, ಬಾಲ ಎಲ್ಲ ಇರುವ ಇಡೀ ಮೀನನ್ನೇ ತೆಗೆದುಕೊಳ್ಳಿ. ಮನೆಗೆ ತಂದು ಒಂದು ಫೋಟೋ ತೆಗೆದಿಡಿ. ರುಚಿ ಹಿಡಿಸಿದರೆ ಮುಂದಿನ ಸಲ ಬಾಯಲ್ಲಿ ಹೆಸರು ಹೇಳುವ ಬದಲು ಆ ಫೋಟೋ ತೋರಿಸಿ, ಇದೇ ಬೇಕು ಎಂದು ಕೇಳಿ.